11 ಪಂದ್ಯ ಸೋತ ತಂಡಕ್ಕೂ ಬೆಲೆ ಇದೆ, ಯಾಕೆ? ಕಾನ್ಸಾಸ್ ಸಿಟಿ ಚೀಫ್ಸ್ ಮತ್ತು ಬೆಟ್ಟಿಂಗ್ ದರದ ಲೆಕ್ಕ

ಅಮೆರಿಕದ ಎನ್‌ಎಫ್‌ಎಲ್ (ಅಮೆರಿಕನ್ ಫುಟ್‌ಬಾಲ್) ಲೀಗಿನ ಕಾನ್ಸಾಸ್ ಸಿಟಿ ಚೀಫ್ಸ್ ತಂಡ 2024ರಲ್ಲಿ 17 ಪಂದ್ಯ ಆಡಿ 15 ಗೆದ್ದಿತು. 2025ರಲ್ಲಿ ಮತ್ತೆ 17 ಆಡಿ ಗೆದ್ದದ್ದು ಬರೀ 6. ಕೋಚ್ ಆ್ಯಂಡಿ ರೀಡ್ ಬದಲಾಗಿರಲಿಲ್ಲ, ಚೆಂಡು ಎಸೆದು ತಂಡದ ಆಟ ನಡೆಸುವ ಕ್ವಾರ್ಟರ್‌ಬ್ಯಾಕ್ ಪ್ಯಾಟ್ರಿಕ್ ಮಹೋಮ್ಸ್ ಕೂಡ ಬದಲಾಗಿರಲಿಲ್ಲ. 2025ರ ಸೀಸನ್ ಶುರುವಾಗುವ ಮುನ್ನ ಬೆಟ್ಟಿಂಗ್ ಕಂಪನಿಗಳು ಈ ತಂಡವನ್ನು ಪ್ರಶಸ್ತಿ ಗೆಲ್ಲಬಲ್ಲ ಮೊದಲ ನಾಲ್ಕೈದು ತಂಡಗಳಲ್ಲಿ ಇಟ್ಟಿದ್ದವು. ತಂಡ ಪ್ಲೇಆಫ್‌ಗೂ ಹೋಗಲಿಲ್ಲ.

ಹಾಗಾದರೆ ಗೆದ್ದವರು ಯಾರು? 2026ರ ಫೆಬ್ರುವರಿ 8ರಂದು, ಕನ್ನಡಿಗರು ಸಾಕಷ್ಟಿರುವ ಸಿಲಿಕಾನ್ ವ್ಯಾಲಿಯ ಸಾಂತಾ ಕ್ಲಾರಾದಲ್ಲಿ ನಡೆದ ಸೂಪರ್ ಬೌಲ್‌ನಲ್ಲಿ ಸಿಯಾಟಲ್ ಸೀಹಾಕ್ಸ್ ತಂಡ ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ ತಂಡವನ್ನು 29-13ರಿಂದ ಸೋಲಿಸಿತು. ಸೀಸನ್‌ಗೆ ಮುಂಚೆ ಸಿಯಾಟಲ್ ಮೇಲಿನ ದರ 60ಕ್ಕೆ 1ರ (1 ಕಟ್ಟಿದರೆ ಲಾಭ 60) ಆಸುಪಾಸು, ಪೇಟ್ರಿಯಟ್ಸ್ ಮೇಲಿನದು 80ಕ್ಕೆ 1ರ ಆಸುಪಾಸು. ಅಂದರೆ ಯಾರೂ ಲೆಕ್ಕಕ್ಕೇ ಇಟ್ಟುಕೊಳ್ಳದ ಎರಡು ತಂಡಗಳು ಫೈನಲ್ ಆಡಿದವು.

ಈಗ 2026ರ ಸೀಸನ್‌ನ ದರಪಟ್ಟಿಗಳಲ್ಲಿ, 11 ಪಂದ್ಯ ಸೋತ ಚೀಫ್ಸ್ ಕಳೆದ ಬಾರಿ ಪ್ಲೇಆಫ್ ಆಡಿದ ಕೆಲವು ತಂಡಗಳಿಗಿಂತ ಮೇಲಿದೆ. ಓದುಗರಿಗೆ ಗೊಂದಲವಾಗುವುದು ಇಲ್ಲೇ. ಈ ಕಂಪನಿಗಳಿಗೆ ಏನೂ ಗೊತ್ತಿಲ್ಲವೋ, ಅಥವಾ ನಮಗೆ ಗೊತ್ತಿಲ್ಲದ್ದೇನೋ ಗೊತ್ತಿದೆಯೋ? ಎರಡೂ ಅಲ್ಲ. ದರ ಎಂದರೆ ಏನು ಎಂಬಲ್ಲೇ ನಾವು ಎಡವುತ್ತಿದ್ದೇವೆ.

ಇದು ಜ್ಯೋತಿಷ್ಯ ಅಲ್ಲ, ಅಂಗಡಿಯ ರೇಟು

2025ರ ಸೀಸನ್‌ಗೆ ಮುಂಚೆ ಚೀಫ್ಸ್ ಮೇಲಿನ ದರ ಸುಮಾರು 8ಕ್ಕೆ 1 ಇತ್ತು. ಅಮೆರಿಕದ ಪಟ್ಟಿಗಳಲ್ಲಿ ಇದನ್ನು ಪ್ಲಸ್ 800 ಎಂದು ಬರೆಯುತ್ತಾರೆ. 100 ಡಾಲರ್ ಕಟ್ಟಿದವನಿಗೆ ತಂಡ ಗೆದ್ದರೆ 800 ಡಾಲರ್ ಲಾಭ, ಕಟ್ಟಿದ 100 ಕೂಡ ವಾಪಸ್. ಸೋತರೆ 100 ಹೋಯಿತು. ಇದನ್ನು ಶೇಕಡಾವಾರಿಗೆ ತಂದರೆ ಒಂಬತ್ತರಲ್ಲಿ ಒಂದು ಪಾಲು, ಅಂದರೆ ಶೇ 11.1.

ಈ ಶೇ 11ನ್ನು ಇನ್ನೊಂದು ಬದಿಯಿಂದ ನೋಡಿ. ‘ಫೇವರಿಟ್’ ಎಂದು ಪತ್ರಿಕೆಗಳು ಕರೆದ ತಂಡ ಕಪ್ ಗೆಲ್ಲುವುದಿಲ್ಲ ಎಂಬುದಕ್ಕೆ ಕಂಪನಿಯೇ ಶೇ 89ರಷ್ಟು ಅವಕಾಶ ಕೊಟ್ಟಿತ್ತು. ತಲೆಬರಹದಲ್ಲಿ ಫೇವರಿಟ್ ಎಂಬ ಪದ ಬಂದ ತಕ್ಷಣ ‘ಇವರೇ ಗೆಲ್ಲುತ್ತಾರಂತೆ’ ಎಂದು ಓದಿಕೊಳ್ಳುವುದು ನಮ್ಮ ಅಭ್ಯಾಸ, ಪಟ್ಟಿಯಲ್ಲಿ ಆ ಮಾತು ಇಲ್ಲ.

ಆ ಶೇ 11 ಕೂಡ ಪೂರ್ತಿ ನಿಜವಲ್ಲ, ಅದರೊಳಗೆ ಅಂಗಡಿಯವನ ಲಾಭ ಸೇರಿದೆ. ಲೀಗಿನ ಎಲ್ಲ 32 ತಂಡಗಳ ದರವನ್ನೂ ಹೀಗೆಯೇ ಶೇಕಡಾವಾರಿಗೆ ಬದಲಿಸಿ ಕೂಡಿಸಿದರೆ ಮೊತ್ತ 100 ಆಗಬೇಕು, ಯಾಕೆಂದರೆ ಕಪ್ ಗೆಲ್ಲುವುದು ಒಂದೇ ತಂಡ. ಆದರೆ ಕೂಡಿಸಿ ನೋಡಿದಾಗ ಅದು ಯಾವಾಗಲೂ 100 ದಾಟಿರುತ್ತದೆ. ಲೆಕ್ಕಕ್ಕೆ 125 ಎಂದಿಟ್ಟುಕೊಳ್ಳೋಣ. ಆಗ ಚೀಫ್ಸ್‌ನ ಶೇ 11.1 ವಾಸ್ತವದಲ್ಲಿ ಶೇ 8.9ಕ್ಕೆ ಇಳಿಯುತ್ತದೆ. ಹೆಚ್ಚಿನ ಆ 25 ಮಂಡಿಯ ದಲ್ಲಾಳಿ ಕಮಿಷನ್ ಇದ್ದ ಹಾಗೆ. ಈರುಳ್ಳಿ ಬೆಲೆ ಏರಲಿ ಇಳಿಯಲಿ, ದಲ್ಲಾಳಿಗೆ ಅವನ ಪಾಲು ಬಂದೇ ಬರುತ್ತದೆ.

ಒಂದೇ ಪಂದ್ಯದ ಬೆಟ್ಟಿಂಗ್‌ನಲ್ಲಿ ಈ ಕಮಿಷನ್ ಕಡಿಮೆ. ಅಲ್ಲಿ ಸಾಮಾನ್ಯವಾಗಿ 100 ಡಾಲರ್ ಗೆಲ್ಲಲು 110 ಕಟ್ಟಬೇಕು. ಎರಡೂ ಕಡೆ ಒಬ್ಬೊಬ್ಬರು ಕಟ್ಟಿದರೆ ಅಂಗಡಿಗೆ ಬಂದದ್ದು 220, ಗೆದ್ದವನಿಗೆ ಕೊಟ್ಟದ್ದು 210, ಉಳಿದದ್ದು 10. ಸೀಸನ್‌ಗೆ ಮುಂಚಿನ ಪ್ರಶಸ್ತಿ ಬೆಟ್ಟಿಂಗ್‌ನಲ್ಲಿ ಅಂಗಡಿಯ ಪಾಲು ಇದಕ್ಕಿಂತ ದೊಡ್ಡದು. ಅದೂ ಸಾಲದೆಂಬಂತೆ ಗಿರಾಕಿಯ ದುಡ್ಡು ಸೆಪ್ಟೆಂಬರ್‌ನಿಂದ ಫೆಬ್ರುವರಿವರೆಗೆ ಬಡ್ಡಿಯಿಲ್ಲದೆ ಅಲ್ಲೇ ಬಿದ್ದಿರುತ್ತದೆ.

ಅಭಿಮಾನಿಯ ಜೇಬು ದರವನ್ನು ಎಳೆಯುವ ಬಗೆ

ಅಂಗಡಿಯವನು ಬೆಲೆ ಇಡುವಾಗ ತಂಡದ ಶಕ್ತಿಯನ್ನಷ್ಟೇ ನೋಡುವುದಿಲ್ಲ, ಎದುರಿಗೆ ನಿಂತ ಗಿರಾಕಿಯ ಮುಖವನ್ನೂ ನೋಡುತ್ತಾನೆ. ಡಲ್ಲಾಸ್ ಕೌಬಾಯ್ಸ್ ಇದಕ್ಕೆ ಹಳೆಯ ಉದಾಹರಣೆ. 1995ರ ಸೀಸನ್‌ನ ನಂತರ ಆ ತಂಡ ಸೂಪರ್ ಬೌಲ್‌ಗೆ ಕಾಲಿಟ್ಟಿಲ್ಲ, ಆದರೆ ದೇಶದ ಉದ್ದಗಲಕ್ಕೂ ಅಭಿಮಾನಿಗಳಿದ್ದಾರೆ. ಬೆಲೆ ಎಷ್ಟೇ ಇರಲಿ, ಅವರು ಕೊಳ್ಳುತ್ತಾರೆ. ಕೊಂಡೇ ಕೊಳ್ಳುವವನಿಗೆ ಯಾವ ವ್ಯಾಪಾರಿ ರಿಯಾಯಿತಿ ಕೊಡುತ್ತಾನೆ? 30ಕ್ಕೆ 1 ಕೊಡಬೇಕಾದ ಕಡೆ 20ಕ್ಕೆ 1 ಕೊಟ್ಟರೂ ಮಾಲು ಖಾಲಿಯಾಗುತ್ತದೆ.

ಬೆಂಗಳೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ‘ಈ ಸಲ ಕಪ್ ನಮ್ದೇ’ ಎಂದು ಆರ್‌ಸಿಬಿ ಅಭಿಮಾನಿಗಳು ವರ್ಷ ವರ್ಷವೂ ಕೂಗಿದರು, ಕಪ್ ಬಂದದ್ದು 18ನೇ ಸೀಸನ್‌ನಲ್ಲಿ, 2025ರ ಜೂನ್ 3ರಂದು. ಅದಕ್ಕೂ ಮುಂಚಿನ 17 ವರ್ಷಗಳ ಕೂಗನ್ನು ಯಾರಾದರೂ ಬೆಲೆಗೆ ಇಳಿಸಿದ್ದರೆ, ಆ ಬೆಲೆಯಲ್ಲಿ ಕ್ರಿಕೆಟ್ಟಿಗಿಂತ ಪ್ರೀತಿಯ ಪಾಲೇ ಜಾಸ್ತಿ ಇರುತ್ತಿತ್ತು.

ಚೀಫ್ಸ್ ಈಗ ಅಂಥ ತಂಡ. 2019, 2022 ಮತ್ತು 2023ರ ಸೀಸನ್‌ಗಳಲ್ಲಿ ಪ್ರಶಸ್ತಿ, ಆರು ಸೀಸನ್‌ಗಳಲ್ಲಿ ಐದು ಸಲ ಸೂಪರ್ ಬೌಲ್ ಪ್ರವೇಶ. ಜೊತೆಗೆ ತಂಡದ ಆಟಗಾರ ಟ್ರಾವಿಸ್ ಕೆಲ್ಸಿ ಮತ್ತು ಗಾಯಕಿ ಟೇಲರ್ ಸ್ವಿಫ್ಟ್ ಜೋಡಿಯ ಸುದ್ದಿಯಿಂದಾಗಿ ಫುಟ್‌ಬಾಲ್ ನಿಯಮವೇ ಗೊತ್ತಿಲ್ಲದವರಿಗೂ ತಂಡದ ಹೆಸರು ಗೊತ್ತು. ಇಂಥ ತಂಡದ ದರ ಬೀಳುವಾಗ ನಿಧಾನಕ್ಕೆ ಬೀಳುತ್ತದೆ.

ಆದರೆ 2026ರ ದರವನ್ನು ಅಭಿಮಾನದಿಂದ ಮಾತ್ರ ವಿವರಿಸಲಾಗದು. ಅದಕ್ಕಿಂತ ಗಟ್ಟಿಯಾದ ಕಾರಣ ಸ್ಕೋರ್‌ಕಾರ್ಡಿನಲ್ಲೇ ಇದೆ.

15 ಗೆಲುವುಗಳ ಒಳಗೆ ಏನಿತ್ತು

2024ರ ಸೆಪ್ಟೆಂಬರ್ 5, ಸೀಸನ್‌ನ ಮೊದಲ ಪಂದ್ಯ. ಬಾಲ್ಟಿಮೋರ್ ರೇವನ್ಸ್ ವಿರುದ್ಧ ಚೀಫ್ಸ್ 27-20ರ ಮುನ್ನಡೆಯಲ್ಲಿದೆ, ಉಳಿದಿರುವುದು ಕೊನೆಯ ಒಂದೇ ಪ್ರಯತ್ನ. ರೇವನ್ಸ್‌ನ ಐಸಯಾ ಲೈಕ್ಲಿ ಎಂಡ್ ಜೋನ್‌ನ ಹಿಂಬದಿಯಲ್ಲಿ ಚೆಂಡು ಹಿಡಿದರು. ರೆಫರಿಗಳು ಮೊದಲು ಟಚ್‌ಡೌನ್ (ಅಂಕಣದ ಕೊನೆಯ ಆ ವಲಯದೊಳಗೆ ಚೆಂಡು ತಂದರೆ ಸಿಗುವ ಆರು ಅಂಕ) ಎಂದರು. ರಿಪ್ಲೇಯಲ್ಲಿ ನೋಡಿದರೆ ಬೂಟಿನ ತುದಿ ಬಿಳಿ ಗೆರೆಯ ಮೇಲಿತ್ತು. ಟಚ್‌ಡೌನ್ ರದ್ದಾಯಿತು, ಚೀಫ್ಸ್ ಗೆದ್ದಿತು.

ಆ ವರ್ಷ ಇಂಥವು ಒಂದೆರಡಲ್ಲ. ನವೆಂಬರ್ 10ರಂದು ಡೆನ್ವರ್ ಬ್ರಾಂಕೋಸ್ ತಂಡಕ್ಕೆ ಕೊನೆಯ ಕ್ಷಣದಲ್ಲಿ 35 ಗಜದ ಫೀಲ್ಡ್ ಗೋಲ್ (ಗೋಲುಗಂಬಗಳ ನಡುವೆ ಒದೆದರೆ ಮೂರು ಅಂಕ) ಸಾಕಿತ್ತು, ಚೀಫ್ಸ್‌ನ ಲಿಯೋ ಶೆನಾಲ್ ಆ ಒದೆತವನ್ನೇ ತಡೆದರು. ಸ್ಕೋರು 16-14. ನವೆಂಬರ್ 29ರಂದು ಲಾಸ್ ವೇಗಸ್ ರೈಡರ್ಸ್ ಗೆಲುವಿನ ಒದೆತದ ದೂರಕ್ಕೆ ಬಂದು ನಿಂತಿತ್ತು, ಅಷ್ಟರಲ್ಲಿ ಕ್ವಾರ್ಟರ್‌ಬ್ಯಾಕ್ ಸಿದ್ಧವಾಗುವ ಮುನ್ನವೇ ಚೆಂಡು ಹಿಂದಕ್ಕೆ ಬಂದು ಕೈತಪ್ಪಿತು. 19-17. ಡಿಸೆಂಬರ್ 8ರಂದು ಲಾಸ್ ಏಂಜಲಿಸ್ ಚಾರ್ಜರ್ಸ್ ವಿರುದ್ಧ ಚೀಫ್ಸ್‌ನ ಮ್ಯಾಥ್ಯೂ ರೈಟ್ ಒದ್ದ ಕೊನೆಯ ಚೆಂಡು ಗೋಲುಗಂಬಕ್ಕೆ ಬಡಿದು ಒಳಗೆ ಬಿತ್ತು. ಮತ್ತೆ 19-17. ಗೇಣಗಲ ಆಚೆ ಬಡಿದಿದ್ದರೆ ಆ ಪಂದ್ಯ ಕೈಬಿಡುತ್ತಿತ್ತು.

ಎಂಟು ಅಂಕ ಅಥವಾ ಅದಕ್ಕಿಂತ ಕಡಿಮೆ ಅಂತರದ ಪಂದ್ಯಗಳನ್ನು ಎನ್‌ಎಫ್‌ಎಲ್ ಲೆಕ್ಕದಲ್ಲಿ ‘ಒಂದೇ ಸ್ಕೋರಿನ ಪಂದ್ಯ’ ಎನ್ನುತ್ತಾರೆ, ಯಾಕೆಂದರೆ ಒಂದು ಟಚ್‌ಡೌನ್ ಮತ್ತು ಅದರ ಮೇಲಿನ ಎರಡು ಅಂಕ ಬಂದರೆ ಸ್ಕೋರು ಸಮ. 2024ರ ಲೀಗ್ ಹಂತದಲ್ಲಿ ಚೀಫ್ಸ್ ಇಂಥ 11 ಪಂದ್ಯ ಆಡಿ ಹನ್ನೊಂದನ್ನೂ ಗೆದ್ದಿತ್ತು. ಇಡೀ ಸೀಸನ್‌ನಲ್ಲಿ ಗಳಿಸಿದ್ದು 385 ಅಂಕ, ಬಿಟ್ಟುಕೊಟ್ಟದ್ದು 326. ಅಂತರ 59. ಅದೇ ವರ್ಷ ಡೆಟ್ರಾಯಿಟ್ ಲಯನ್ಸ್ ಕೂಡ 15 ಪಂದ್ಯ ಗೆದ್ದಿತು, ಆದರೆ ಅದರ ಅಂಕ 564, ಬಿಟ್ಟುಕೊಟ್ಟದ್ದು 342, ಅಂತರ 222. ಗೆಲುವಿನ ಪಟ್ಟಿಯಲ್ಲಿ ಅಕ್ಕಪಕ್ಕ ನಿಂತ ಈ ಎರಡು ತಂಡಗಳು ಒಂದೇ ತೂಕದವಲ್ಲ ಎಂದು ಯಾರಿಗಾದರೂ ಕಾಣುತ್ತದೆ. (ಹೆಚ್ಚು ತೂಕದ ಲಯನ್ಸ್ ಪ್ಲೇಆಫ್‌ನ ತನ್ನ ಮೊದಲ ಪಂದ್ಯದಲ್ಲೇ ವಾಷಿಂಗ್ಟನ್‌ಗೆ ಸೋತಿತು ಎಂಬುದು ಬೇರೆ ಮಾತು. ಆ ಮಾತಿಗೆ ಆಮೇಲೆ ಬರೋಣ.)

2025ರ ಫೆಬ್ರುವರಿ 9ರಂದು ನ್ಯೂ ಆರ್ಲಿಯನ್ಸ್‌ನ ಸೂಪರ್ ಬೌಲ್‌ನಲ್ಲಿ ಅದೃಷ್ಟದ ಮಾತೇ ಬರಲಿಲ್ಲ. ಅರ್ಧ ಆಟ ಮುಗಿದಾಗ ಫಿಲಡೆಲ್ಫಿಯಾ ಈಗಲ್ಸ್ 24-0 ಮುಂದಿತ್ತು. ಮಹೋಮ್ಸ್ ಆರು ಸಲ ನೆಲಕ್ಕುರುಳಿದರು. ಕೊನೆಯ ಸ್ಕೋರು 40-22.

ಎರಡು ವಾದಗಳು

2025ರ ಸೀಸನ್‌ಗೆ ಮುಂಚೆ ಈ ಅಂಕಿಗಳನ್ನು ಇಟ್ಟುಕೊಂಡು ಎರಡು ಗುಂಪು ವಾದ ಮಾಡುತ್ತಿದ್ದವು. ಒಂದು ಗುಂಪಿನ ಪ್ರಕಾರ ಕೂದಲೆಳೆಯ ಗೆಲುವು ನಾಣ್ಯ ಚಿಮ್ಮಿದ ಹಾಗೆ, ಹನ್ನೊಂದಕ್ಕೆ ಹನ್ನೊಂದು ಬಿದ್ದದ್ದು ಮತ್ತೆ ಬೀಳುವುದಿಲ್ಲ, ತಂಡ ಕೆಳಗಿಳಿಯಲೇಬೇಕು. ಇನ್ನೊಂದು ಗುಂಪು ಇದನ್ನು ಒಪ್ಪಲಿಲ್ಲ. ಕೊನೆಯ ಎರಡು ನಿಮಿಷಗಳಲ್ಲಿ ತಣ್ಣಗೆ ಆಡುವುದೂ ಒಂದು ಕಲೆ, ಮಹೋಮ್ಸ್ ಮತ್ತು ರೀಡ್ ವರ್ಷಗಟ್ಟಲೆ ಅದನ್ನೇ ಮಾಡಿ ತೋರಿಸಿದ್ದಾರೆ ಎಂಬುದು ಅವರ ಮಾತು. ಕಂಪನಿಗಳು ಇಬ್ಬರ ನಡುವೆ ಬೆಲೆ ಇಟ್ಟವು.

ಸೀಸನ್ ಕೊಟ್ಟ ಉತ್ತರ ಮೊದಲ ಗುಂಪೂ ಊಹಿಸಿರದಷ್ಟು ಕ್ರೂರವಾಗಿತ್ತು. ಒಂದೇ ಸ್ಕೋರಿನ ಹತ್ತು ಪಂದ್ಯಗಳಲ್ಲಿ ಚೀಫ್ಸ್ ಗೆದ್ದದ್ದು ಒಂದು, ಸೋತದ್ದು ಒಂಬತ್ತು. ಅಕ್ಟೋಬರ್‌ನಲ್ಲಿ ಜಾಕ್ಸನ್‌ವಿಲ್ ಜಾಗ್ವಾರ್ಸ್ ಕ್ವಾರ್ಟರ್‌ಬ್ಯಾಕ್ ಟ್ರೆವರ್ ಲಾರೆನ್ಸ್ ಕೊನೆಯ ಅರ್ಧ ನಿಮಿಷದೊಳಗೆ ಮುಗ್ಗರಿಸಿ ಬಿದ್ದರು. ಅವರನ್ನು ಯಾರೂ ಮುಟ್ಟಿರಲಿಲ್ಲ. ಎದ್ದವರೇ ಓಡಿ ಗೆರೆ ದಾಟಿದರು, 31-28. ವರ್ಷದ ಹಿಂದೆ ಗೋಲುಗಂಬಕ್ಕೆ ಬಡಿದು ಒಳಗೆ ಬಿದ್ದ ಚೆಂಡಿನ ಬಾಕಿ ತೀರಿಸಿದ ಹಾಗಿತ್ತು.

ಇಷ್ಟಾದರೂ 2025ರಲ್ಲಿ ಚೀಫ್ಸ್ ಗಳಿಸಿದ ಅಂಕ 362, ಬಿಟ್ಟುಕೊಟ್ಟದ್ದು 328. 11 ಪಂದ್ಯ ಸೋತ ತಂಡ ಒಟ್ಟು ಅಂಕದಲ್ಲಿ 34 ಮುಂದೆಯೇ ಇದೆ! ಗೆಲುವಿನಲ್ಲಿ ಒಂಬತ್ತರ ಇಳಿಕೆ, ಅಂಕದ ಅಂತರದಲ್ಲಿ ಬರೀ 25ರ ಇಳಿಕೆ. ಪಂದ್ಯಕ್ಕೆ ಒಂದೂವರೆ ಅಂಕ.

ಈ ಹೋಲಿಕೆಯಲ್ಲಿ ಒಂದು ಕೊಸರಿದೆ, ಅದನ್ನು ಮುಚ್ಚಿಡಬಾರದು. 2024ರ ಕೊನೆಯ ಪಂದ್ಯದಲ್ಲಿ ಚೀಫ್ಸ್ ಮುಖ್ಯ ಆಟಗಾರರಿಗೆ ವಿಶ್ರಾಂತಿ ಕೊಟ್ಟು 38-0ರಿಂದ ಸೋತಿತ್ತು. 2025ರ ಕೊನೆಯ ಮೂರು ಪಂದ್ಯಗಳಲ್ಲಿ ಮಹೋಮ್ಸ್ ಇರಲೇ ಇಲ್ಲ. ಇವನ್ನು ಬದಿಗಿಟ್ಟರೆ 2024ರ 16 ಪಂದ್ಯಗಳಲ್ಲಿ ಅಂತರ 97, 2025ರ 14 ಪಂದ್ಯಗಳಲ್ಲಿ 60. ಅಂದರೆ ಪಂದ್ಯಕ್ಕೆ 6 ಅಂಕದಿಂದ 4ರ ಸುಮಾರಿಗೆ ಇಳಿದಿದೆ. ತಂಡ ಸ್ವಲ್ಪ ಕುಂದಿದ್ದು ನಿಜ. ಕ್ವಾರ್ಟರ್‌ಬ್ಯಾಕ್‌ಗೆ ಕಾವಲು ನಿಲ್ಲುವ ಅನುಭವಿ ಗಾರ್ಡ್ ಜೋ ಥೂನಿ ಅವರನ್ನು ಶಿಕಾಗೋಗೆ ಬಿಟ್ಟುಕೊಟ್ಟಿತ್ತು, ಚೆಂಡು ಹಿಡಿಯುವ ರಿಸೀವರ್ ರಶೀ ರೈಸ್ ಮೊದಲ ಆರು ಪಂದ್ಯ ಅಮಾನತಿನಲ್ಲಿದ್ದರು, ಕೆಲ್ಸಿಗೆ 36 ತುಂಬಿತು. ಆದರೆ 15 ಗೆಲುವಿನಿಂದ 6ಕ್ಕೆ ಬೀಳುವಷ್ಟು ಕುಂದಿರಲಿಲ್ಲ. 15 ಎಂಬುದು ಎಷ್ಟು ಉಬ್ಬಿದ ಸಂಖ್ಯೆಯೋ 6 ಎಂಬುದು ಅಷ್ಟೇ ಕುಗ್ಗಿದ ಸಂಖ್ಯೆ. 2026ರ ದರಪಟ್ಟಿ ಬರೆಯುವವರು ನೋಡುತ್ತಿರುವುದು ಇದನ್ನು.

ಅಭ್ಯಾಸ ಪಂದ್ಯಗಳ ಮೋಸ

ಆಗಸ್ಟ್‌ನಲ್ಲಿ ನಡೆಯುವ ಪ್ರೀಸೀಸನ್ ಪಂದ್ಯಗಳ ಫಲಿತಾಂಶದಿಂದ ಏನೂ ಗೊತ್ತಾಗುವುದಿಲ್ಲ. ದೊಡ್ಡ ಆಟಗಾರರು ಬೆಂಚಿನಲ್ಲಿ ಕೂತಿರುತ್ತಾರೆ, ಮೈದಾನದಲ್ಲಿರುವುದು ತಂಡದಲ್ಲಿ ಜಾಗ ಹುಡುಕುತ್ತಿರುವ ಹುಡುಗರು. 2008ರಲ್ಲಿ ಡೆಟ್ರಾಯಿಟ್ ಲಯನ್ಸ್ ನಾಲ್ಕೂ ಅಭ್ಯಾಸ ಪಂದ್ಯಗಳನ್ನು ಗೆದ್ದು, ನಂತರ ಲೀಗಿನ 16ಕ್ಕೆ 16ನ್ನೂ ಸೋತಿತು. ಅಭ್ಯಾಸ ಪಂದ್ಯಗಳಿಂದ ದರ ಬದಲಾದರೆ ಅದಕ್ಕೆ ಕಾರಣ ಸ್ಕೋರು ಅಲ್ಲ, ಯಾರಾದರೂ ಗಾಯಗೊಂಡದ್ದು.

ಒಳ್ಳೆಯ ತಂಡವೂ ಸೋಲುವಂತೆ ಕಟ್ಟಿದ ಲೀಗು

ಯುರೋಪಿನ ಫುಟ್‌ಬಾಲ್ ಲೀಗುಗಳಲ್ಲಿ ಶ್ರೀಮಂತ ಕ್ಲಬ್ಬು ವರ್ಷಾನುಗಟ್ಟಲೆ ಮೇಲೆ ಕೂರಬಹುದು. ಎನ್‌ಎಫ್‌ಎಲ್ ಅದಕ್ಕೆ ಅವಕಾಶ ಕೊಡದಂತೆ ಕಟ್ಟಿದ ಲೀಗು. ಸಂಬಳಕ್ಕೆ ಎಲ್ಲ ತಂಡಗಳಿಗೂ ಒಂದೇ ಮಿತಿ, 2025ರಲ್ಲಿ ಅದು 27.92 ಕೋಟಿ ಡಾಲರ್. ಕಾಲೇಜಿನಿಂದ ಬರುವ ಹೊಸ ಆಟಗಾರರನ್ನು ಮೊದಲು ಆರಿಸುವ ಹಕ್ಕು ಹಿಂದಿನ ವರ್ಷ ಕೆಟ್ಟದಾಗಿ ಆಡಿದ ತಂಡಕ್ಕೆ. 17 ಪಂದ್ಯಗಳಲ್ಲಿ ಮೂರರ ಎದುರಾಳಿಗಳನ್ನು ಹಿಂದಿನ ವರ್ಷದ ಸ್ಥಾನ ನೋಡಿ ಕೊಡುತ್ತಾರೆ, ಮೇಲಿದ್ದವರಿಗೆ ಮೇಲಿನವರು, ಕೆಳಗಿದ್ದವರಿಗೆ ಕೆಳಗಿನವರು. ಪೇಟ್ರಿಯಟ್ಸ್ ಒಂದೇ ವರ್ಷದಲ್ಲಿ 4 ಗೆಲುವಿನಿಂದ 14 ಗೆಲುವಿಗೆ ಜಿಗಿದದ್ದು ಇಂಥ ವ್ಯವಸ್ಥೆಯೊಳಗೆ.

ಆಮೇಲೆ ಪ್ಲೇಆಫ್. 14 ತಂಡಗಳು, ಒಂದು ಸೋಲು, ಮನೆಗೆ. ಎರಡು ಅಗ್ರ ತಂಡಗಳಿಗೆ ಮಾತ್ರ ಮೊದಲ ಸುತ್ತಿನ ವಿನಾಯಿತಿ, ಉಳಿದವು ಸತತ ನಾಲ್ಕು ಗೆಲ್ಲಬೇಕು. ಒಂದು ತಂಡ ಪ್ರತಿ ಪಂದ್ಯದಲ್ಲೂ ಎದುರಾಳಿಗಿಂತ ಚೆನ್ನಾಗಿದೆ, ಐದರಲ್ಲಿ ಮೂರು ಸಲ ಗೆಲ್ಲುತ್ತದೆ ಎಂದುಕೊಳ್ಳೋಣ. ನಾಲ್ಕನ್ನೂ ಸತತ ಗೆಲ್ಲುವ ಸಾಧ್ಯತೆ ಶೇ 13. ಪ್ಲೇಆಫ್ ತಲುಪುವ ಸಾಧ್ಯತೆ ಶೇ 80 ಎಂದು ಸೇರಿಸಿದರೆ ಅದು ಶೇ 10ರ ಸುಮಾರಿಗೆ ಇಳಿಯುತ್ತದೆ. ಲಯನ್ಸ್ ಕತೆ ಇದೇ. 222 ಅಂಕಗಳ ಅಂತರ ಒಂದು ಸಂಜೆಯ ಕೆಟ್ಟ ಆಟದಿಂದ ಕಾಪಾಡುವುದಿಲ್ಲ. ಆದ್ದರಿಂದ ಸೀಸನ್‌ಗೆ ಮುಂಚೆ ಯಾವುದೇ ತಂಡದ ದರ 2ಕ್ಕೆ 1ರ ಹತ್ತಿರ ಇರುವುದು ತೀರ ಅಪರೂಪ.

ಗಡಿಯ ಈಚೆ ತಪ್ಪು, ಆಚೆ ಸರಿ

ಈ ದರಗಳು ಕ್ರೀಡಾ ಸುದ್ದಿಯ ತುಂಬ ಹರಡಿಕೊಂಡದ್ದು ಇತ್ತೀಚೆಗೆ. ಕ್ರೀಡಾ ಬೆಟ್ಟಿಂಗ್ ಅನ್ನು ಹೆಚ್ಚಿನ ರಾಜ್ಯಗಳಲ್ಲಿ ತಡೆದಿದ್ದ 1992ರ ಕಾನೂನನ್ನು ಅಮೆರಿಕದ ಸುಪ್ರೀಂ ಕೋರ್ಟ್ 2018ರ ಮೇ 14ರಂದು ರದ್ದು ಮಾಡಿತು. ಅಲ್ಲಿಂದ ಪ್ರತಿ ರಾಜ್ಯವೂ ತನ್ನ ದಾರಿ ಹಿಡಿಯಿತು. ವರ್ಷಗಟ್ಟಲೆ ಬೆಟ್ಟಿಂಗ್ ವಿರುದ್ಧ ಮಾತಾಡಿದ್ದ ಎನ್‌ಎಫ್‌ಎಲ್ 2021ರಲ್ಲಿ ಮೂರು ಬೆಟ್ಟಿಂಗ್ ಕಂಪನಿಗಳ ಜೊತೆ ಒಪ್ಪಂದ ಮಾಡಿಕೊಂಡಿತು.

ಚೀಫ್ಸ್ ಊರಿನಲ್ಲಿ ಇದರ ಪರಿಣಾಮ ತಮಾಷೆಯಾಗಿತ್ತು. ಕಾನ್ಸಾಸ್ ಸಿಟಿ ನಗರ ಎರಡು ರಾಜ್ಯಗಳ ಗಡಿಯಲ್ಲಿದೆ, ತಂಡದ ಮೈದಾನ ಇರುವುದು ಮಿಸೌರಿ ಕಡೆ. ಕಾನ್ಸಾಸ್ ರಾಜ್ಯದಲ್ಲಿ 2022ರ ಸೆಪ್ಟೆಂಬರ್‌ನಿಂದ ಬೆಟ್ಟಿಂಗ್ ಕಾನೂನುಬದ್ಧ, ಮಿಸೌರಿಯಲ್ಲಿ ಆಗ ಆಗಿರಲಿಲ್ಲ. ಫೋನ್ ಒಂದೇ, ಆ್ಯಪ್ ಒಂದೇ, ಗಡಿ ದಾಟಿದರೆ ಕೆಲಸ ಮಾಡುತ್ತಿತ್ತು, ಈಚೆ ಬಂದರೆ ನಿಲ್ಲುತ್ತಿತ್ತು. 2024ರ ನವೆಂಬರ್‌ನಲ್ಲಿ ಮಿಸೌರಿ ಮತದಾರರು ಮೂರು ಸಾವಿರಕ್ಕೂ ಕಡಿಮೆ ಮತಗಳ ಅಂತರದಲ್ಲಿ ಇದಕ್ಕೆ ಒಪ್ಪಿದರು. ಬೆಟ್ಟಿಂಗ್ ಶುರುವಾದದ್ದು 2025ರ ಡಿಸೆಂಬರ್ 1ರಂದು. ಎರಡು ವಾರ ಕಳೆಯುವಷ್ಟರಲ್ಲಿ, ಡಿಸೆಂಬರ್ 14ರಂದು, ಮಹೋಮ್ಸ್ ಮೊಣಕಾಲಿನ ಎಸಿಎಲ್ ಎಂಬ ಅಸ್ಥಿರಜ್ಜು ಹರಿಯಿತು, ಅದೇ ದಿನ ಚೀಫ್ಸ್ ಪ್ಲೇಆಫ್ ಆಸೆಯೂ ಮುಗಿಯಿತು. ಮನೆಯ ತಂಡದ ಮೇಲೆ ಪ್ರೀತಿಯಿಂದ ಖಾತೆ ತೆರೆದವರ ಕಂತು ಅಲ್ಲಿಗೇ ಮುಳುಗಿತು.

ಈಗಿನ ಜಗಳ ಇನ್ನೊಂದು ಬಗೆಯದು. ಕಾಲ್ಶಿಯಂಥ ‘ಪ್ರೆಡಿಕ್ಷನ್ ಮಾರ್ಕೆಟ್’ ಕಂಪನಿಗಳು ತಂಡದ ಗೆಲುವನ್ನು ಷೇರಿನ ಹಾಗೆ ಸೆಂಟ್‌ಗಳ ಲೆಕ್ಕದಲ್ಲಿ ಮಾರುತ್ತಿವೆ. ಇದು ಬೆಟ್ಟಿಂಗ್ ಅಲ್ಲ, ಕೇಂದ್ರದ ಸರಕು ವಾಯಿದಾ ನಿಯಂತ್ರಕರ ಅಡಿ ಬರುವ ವ್ಯವಹಾರ ಎಂದು ಅವು ಹೇಳುತ್ತವೆ. ಇದು ವೇಷ ಬದಲಿಸಿದ ಜೂಜು, ನಮ್ಮ ಪರವಾನಗಿ ಬೇಕು ಎಂದು ಹಲವು ರಾಜ್ಯಗಳು ಹೇಳುತ್ತವೆ. ಓದುಗನಿಗೆ ಆಗುವ ವ್ಯತ್ಯಾಸವೆಂದರೆ, ‘11 ಸೆಂಟ್’ ಎಂದಾಗ ಅದು ‘ಶೇ 11 ಸಾಧ್ಯತೆ’ ಎಂದು ಇನ್ನಷ್ಟು ಸುಲಭವಾಗಿ ಕೇಳಿಸುತ್ತದೆ. ಅಲ್ಲೂ ಅದು ಕೊಳ್ಳುವವರು ಮಾರುವವರು ಕೂಡಿ ಕಟ್ಟಿದ ಬೆಲೆಯೇ.

ಭಾರತದಲ್ಲಿ ಕೂತು ಇದನ್ನೆಲ್ಲ ಓದುವವರಿಗೆ ಕಾನೂನು ಬೇರೆ. ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆಗೆ 2025ರ ಆಗಸ್ಟ್ 22ರಂದು ರಾಷ್ಟ್ರಪತಿ ಅಂಕಿತ ಬಿತ್ತು. ಇಂಥ ಆಟ ನಡೆಸುವವರಿಗೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿ ರೂಪಾಯಿವರೆಗೆ ದಂಡ, ಜಾಹೀರಾತು ಕೊಡುವವರಿಗೂ ಶಿಕ್ಷೆ ಇದೆ. ಆಡುವವನಿಗೆ ಶಿಕ್ಷೆ ಇಟ್ಟಿಲ್ಲ. ಕರ್ನಾಟಕ ಹೈಕೋರ್ಟಿನಲ್ಲಿಯೂ ಇದನ್ನು ಪ್ರಶ್ನಿಸಲಾಗಿತ್ತು, ಸುಪ್ರೀಂ ಕೋರ್ಟ್ ಅಂಥ ಅರ್ಜಿಗಳನ್ನೆಲ್ಲ ಸೆಪ್ಟೆಂಬರ್‌ನಲ್ಲಿ ತನ್ನ ಬಳಿಗೇ ತರಿಸಿಕೊಂಡಿತು. ಆದರೂ ವಿದೇಶಿ ಬೆಟ್ಟಿಂಗ್ ತಾಣಗಳು ಕ್ರೀಡಾ ಸುದ್ದಿಯ ವೇಷದಲ್ಲಿ ನಮ್ಮ ಫೋನಿಗೆ ಬರುತ್ತಲೇ ಇವೆ. ‘ಚೀಫ್ಸ್ ಗೆಲ್ಲುವ ಸಾಧ್ಯತೆ’ ಎಂಬ ತಲೆಬರಹದ ಕೆಳಗೆ ಖಾತೆ ತೆರೆಯುವ ಕೊಂಡಿ ಇದ್ದರೆ ಅದು ಸುದ್ದಿಯಲ್ಲ.

2026: ಒಂದು ಮೊಣಕಾಲು

ಅಂಕಗಳ ಅಂತರ, ಕೂದಲೆಳೆಯ ಸೋಲುಗಳು, ಹಗುರವಾದ ಮೂರು ಎದುರಾಳಿಗಳು ಎಲ್ಲವೂ ಚೀಫ್ಸ್ ಮೇಲೇಳುವ ಕಡೆ ಬೆರಳು ತೋರಿಸುತ್ತವೆ. ಇವಕ್ಕೆಲ್ಲ ಎದುರಾಗಿ ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿರುವುದು ಮಹೋಮ್ಸ್ ಅವರ ಎಡ ಮೊಣಕಾಲು. ಡಿಸೆಂಬರ್‌ನಲ್ಲಿ ಶಸ್ತ್ರಚಿಕಿತ್ಸೆಯಾಗಿದೆ. ಇಂಥ ಗಾಯದಿಂದ ಆಟಕ್ಕೆ ಮರಳಲು ಸಾಮಾನ್ಯವಾಗಿ ಒಂಬತ್ತು ತಿಂಗಳಾದರೂ ಬೇಕು. ಡಿಸೆಂಬರ್‌ಗೆ ಒಂಬತ್ತು ಕೂಡಿಸಿದರೆ ಬರುವುದು ಸೆಪ್ಟೆಂಬರ್, ಸೀಸನ್ ಶುರುವಾಗುವ ತಿಂಗಳೇ. ಮಹೋಮ್ಸ್ ಆಟದ ಅರ್ಧ ಬಲವೇ ಓಡುತ್ತ, ತಿರುಗುತ್ತ, ಒಂದು ಕಾಲಿನ ಮೇಲೆ ನಿಂತು ಎಸೆಯುವುದು. ಮೊದಲ ವಾರ ಮೈದಾನಕ್ಕೆ ಇಳಿದರೂ ಆ ಕಾಲಿನ ಮೇಲೆ ಭಾರ ಹಾಕಿ ಹಳೆಯ ಹಾಗೆ ತಿರುಗುತ್ತಾರೆಯೇ ಎಂಬುದು ಮೂರ್ನಾಲ್ಕು ಪಂದ್ಯ ಕಳೆದ ಮೇಲೆ ಗೊತ್ತಾಗುವ ಸಂಗತಿ. ದರಪಟ್ಟಿ ಅಷ್ಟು ಕಾಯುವುದಿಲ್ಲ. ತರಬೇತಿ ಶಿಬಿರದಲ್ಲಿ ಅವರು ಮೊಣಕಾಲು ಪಟ್ಟಿಯಿಲ್ಲದೆ ಓಡಿದ ವಿಡಿಯೊ ಬಂದ ದಿನ ದರ ಇಳಿಯುತ್ತದೆ, ಒಂದು ದಿನ ಅಭ್ಯಾಸಕ್ಕೆ ಬರದಿದ್ದರೆ ಏರುತ್ತದೆ.